ಮೊಳೆಗೆ ತೂಗಿದ ಬಾವುಟ

ನಲ್ಲಿಗೆ ಮುಖವೊಡ್ಡಿ ಬಿಳಿ ಬಣ್ಣ ತೊಳೆಯುತ್ತಿದ್ದ ಹೆಂಗಸಿನ ಮೈಮೇಲೆ ಇನ್ನೂ ಸೊಪ್ಪಿನ ಉಡುಗೆ ಇತ್ತು. ಅಂದು ಆಗಸ್ಟ್ ಹದಿನೈದು. ದಾಂಡೇಲಿಯ ಬಳಿ ರೆಸಾರ್ಟೊಂದರಲ್ಲಿ ಸಿದ್ದಿ ಹೆಂಗಸರ ಕುಣಿತ ಆಗಷ್ಟೇ ಮುಗಿದಿತ್ತು. ಮೈಕಿನಲ್ಲಿ ಅದನ್ನು ‘ಆಫ್ರಿಕಾದ ಕಾಡುಜನರ ನೃತ್ಯ’ ಎಂದಿದ್ದರು. ಹಳಿಯಾಳದವಳಾದ ನಾನು, ತಲೆಮಾರುಗಳಿಂದ ನಮ್ಮ ನೆರೆಯವರಾದ ಸಿದ್ದಿಯರನ್ನು ಸೊಪ್ಪಿನಲ್ಲಿ ಕಂಡದ್ದೇ ಇಲ್ಲ.

“ಇದನ್ನ ಯಾವಾಗಿಂದ ಉಡಾಕ ಹತ್ತೀರಿ?” ಎಂದು ಕೇಳಿದೆ.

“ನಮ್ಮವ್ವ, ಆಯಿ ಎಲ್ಲಾರೂ ಸೀರಿ ಉಟ್ಟ ಕುಣದವರ್ರೀ ಅಕ್ಕಾರ. ಸೀರಿ ಉಟ್ರ ಬಂದವ್ರು ನೋಡೂದಿಲ್ಲಂತ.”

ಅಷ್ಟು ಹೇಳಿ ಗೋಡೆಯ ಮೊಳೆಯಿಂದ ತನ್ನ ಸೀರೆ ತೆಗೆದುಕೊಂಡಳು. ಬೆಳಿಗ್ಗೆ ಮಗಳ ಶಾಲೆಯ ಧ್ವಜವಂದನೆಗೆ ಅದನ್ನೇ ಉಟ್ಟು ಹೋಗಿದ್ದಳಂತೆ. ಸೆರಗಿಗೆ ಚುಚ್ಚಿದ್ದ ಕಾಗದದ ಬಾವುಟ ಹಾಗೆಯೇ ಇತ್ತು. ಅಷ್ಟರಲ್ಲಿ ಮ್ಯಾನೇಜರ್ ಅಲ್ಲಿಗೆ ಬಂದ.

“ಸೀರಿ ಈಗ ಉಡಬ್ಯಾಡ. ಗೆಸ್ಟ್ ಫೋಟೋ ತಗೀಬೇಕಂತಾರ. ಬಣ್ಣ ಹಚ್ಕೊಂಡು ಬಾ.”

ಅವಳು ಸೀರೆಯನ್ನು ಮತ್ತೆ ಮೊಳೆಗೆ ಹಾಕಿ, ಒದ್ದೆ ಮುಖಕ್ಕೇ ಬಣ್ಣ ಬಳಿದುಕೊಂಡು ಹೋದಳು.

ಈಗಲೂ ಧ್ವಜ ಏರುವಾಗ ಎಲ್ಲರೊಂದಿಗೆ ನಾನೂ ತಲೆ ಎತ್ತುತ್ತೇನೆ. ಕಣ್ಣಿಗೆ ಕಾಣುವುದು ಮಾತ್ರ ಆ ಮೊಳೆ.