ಪಟದಲ್ಲಿ ನಡುವಿನ ಜಾಗ

ನಮ್ಮ ಮನೆಯಲ್ಲಿ ‘ನಡು’ ಎಂಬ ಶಬ್ದಕ್ಕೆ ಬಿಡುವೇ ಇರಲಿಲ್ಲ. ಮನೆಮಾತು ತುಳು, ಶಾಲೆಯದ್ದು ಕನ್ನಡ. ಈ ಶಬ್ದ ಮಾತ್ರ ಎರಡೂ ಕಡೆ ಹಾಯಾಗಿ ಓಡಾಡಿಕೊಂಡಿತ್ತು. ಅಜ್ಜಿಗೆ ನಡು ಎಂದರೆ ನೋಯುವ ಜಾಗ. ಬೆಳಿಗ್ಗೆ ಎದ್ದು ದೇವರನ್ನು ನೆನೆಯುವ ಮೊದಲು ಅವರು ನಡುವನ್ನು ನೆನೆಯುತ್ತಿದ್ದರು. ಅಮ್ಮನಿಗೆ ಅದು ಸೆರಗು ಸಿಕ್ಕಿಸುವ ಜಾಗ. ಸೆರಗು ಅಲ್ಲಿಗೆ ಹೋಯಿತೆಂದರೆ ನಾವು ಮಕ್ಕಳು ಹಿತ್ತಿಲಿಗೆ ಓಡಬೇಕು. ಅಪ್ಪ ಕಾಪುವಿನಲ್ಲಿ ಬಸ್ಸಿನ ಏಜೆಂಟರು. ಅವರ ನಡು ಯಾವಾಗಲೂ ರಸ್ತೆಯ ಮೇಲೆಯೇ ಇರುತ್ತಿತ್ತು. ಬಸ್ಸು ನಡುದಾರಿಯಲ್ಲಿ ಕೆಟ್ಟಿತು, ಕಂಡಕ್ಟರ್ ನಡುನೀರಿನಲ್ಲಿ ಕೈಬಿಟ್ಟ, ಇಬ್ಬರು ಡ್ರೈವರುಗಳ ನಡುವೆ ನಾನು ಸಿಕ್ಕಿಬಿದ್ದೆ. ನೆಂಟರು ಬಂದರೆ ಕೂರುವುದು ನಡುಮನೆಯಲ್ಲಿ, ಅವರ ಮಾತಿನ ನಡುವೆ ಬಾಯಿ ಹಾಕಿದರೆ ಪೆಟ್ಟು ಬೀಳುವುದು ನಮಗೆ.

ಇದೆಲ್ಲ ಸಾಲದೆಂಬಂತೆ ನಾನೂ ನಡುವಿನವಳು. ಅಕ್ಕನಿಗೂ ತಂಗಿಗೂ ನಡುವೆ ಹುಟ್ಟಿದ್ದು ನನ್ನ ತಪ್ಪಲ್ಲ, ಆದರೂ ಶಿಕ್ಷೆ ನನಗೇ. ಚಾಪೆಯಲ್ಲಿ ನಡುವೆ ಮಲಗಿದರೆ ಒಂದು ಕಡೆ ಅಕ್ಕನ ಮೊಣಕೈ, ಇನ್ನೊಂದು ಕಡೆ ತಂಗಿಯ ಕಾಲು. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಏಜೆಂಟರ ಮಕ್ಕಳು ಮೂವರು. ಕಿಟಕಿ ಅಕ್ಕನಿಗೆ, ಹೊರಬದಿ ತಂಗಿಗೆ, ಎರಡು ದಿಂಬುಗಳ ನಡುವಿನ ಕಬ್ಬಿಣದ ಪಟ್ಟಿ ನನಗೆ. ನಾನು ಸಿಡುಕಿಯಾಗಿ ಬೆಳೆದದ್ದರಲ್ಲಿ ಆ ಪಟ್ಟಿಯ ಪಾಲು ದೊಡ್ಡದು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಹನ್ನೊಂದು, ಅಕ್ಕನಿಗೆ ಹತ್ತೊಂಬತ್ತು. ಅಕ್ಕನಿಗೆ ಕಾರ್ಕಳದಿಂದ ಒಂದು ಸಂಬಂಧ ಬಂತು. ಹುಡುಗ ಶಿವಮೊಗ್ಗದಲ್ಲಿ ಗುಮಾಸ್ತ, ರಜೆ ಸಿಗುವುದು ಕಷ್ಟ. ಹುಡುಗಿಯ ಒಂದು ಪಟ ಕಳಿಸಿದರೆ ಮಗನಿಗೆ ತೋರಿಸುತ್ತೇನೆ ಎಂದು ಅವನ ತಾಯಿ ಹೇಳಿ ಕಳಿಸಿದ್ದರು. ಅಕ್ಕ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಶಿವಮೊಗ್ಗಕ್ಕೆ ಹತ್ತುವ ಆಗುಂಬೆ ಘಾಟಿಯ ರಸ್ತೆ ಸರಿಯುಂಟಾ ಎಂದು ಅಪ್ಪನನ್ನು ದಿನಾ ಕೇಳತೊಡಗಿದಳು. ಅವಳು ಹುಟ್ಟಿದ ಮೇಲೆ ಆಗುಂಬೆಯ ಕಡೆ ತಲೆ ಹಾಕಿದವಳೇ ಅಲ್ಲ. ಈ ಮದುವೆ ಅವಳಿಗೆ ಬೇಕಾಗಿತ್ತು ಎಂಬುದು ನಮ್ಮ ದನಕ್ಕೂ ಗೊತ್ತಾಗಿತ್ತು.

“ಹೇಗೂ ಉಡುಪಿಗೆ ಹೋಗ್ತೇವೆ, ಮೂವರೂ ಒಟ್ಟಿಗೆ ಕೂತು ತೆಗೆಸಿಕೊಳ್ಳಿ. ಇವಳು ಘಾಟಿ ಹತ್ತಿದ ಮೇಲೆ ನೀವು ಮೂವರು ಮತ್ತೆ ಒಟ್ಟಿಗೆ ಸಿಗುವುದು ಯಾವಾಗಲೋ,” ಎಂದರು ಅಪ್ಪ. ನಾವು ಎಣ್ಣೆ ಹಾಕಿ ತಲೆ ಬಾಚಿಕೊಂಡು ಅಂಗಳಕ್ಕೆ ಇಳಿದಾಗ ಅಜ್ಜಿ ಮಲಗಿದಲ್ಲಿಂದಲೇ ಕೂಗಿದರು: “ಮೂರೇ ಜನ ಕೂತು ಪಟ ತೆಗೆಸಬೇಡಿ! ಮೂವರಲ್ಲಿ ನಡುವಿನವರು ಉಳಿಯುವುದಿಲ್ಲ!”

ಕಾಪುವಿನಿಂದ ಉಡುಪಿಯವರೆಗೆ ನಾನು ಕಬ್ಬಿಣದ ಪಟ್ಟಿಯ ಮೇಲೆ ಕೂತು ನನ್ನ ಸಾವನ್ನೇ ಯೋಚಿಸಿದೆ. ನಡುವಿನವರು ಎಂದರೆ ನಾನಲ್ಲದೆ ಇನ್ನು ಯಾರು?

ಸ್ಟುಡಿಯೋದಲ್ಲಿ ನಮ್ಮನ್ನು ಬಿಟ್ಟು ಅಪ್ಪ ಬಸ್‌ಸ್ಟ್ಯಾಂಡಿನ ಗೆಳೆಯರನ್ನು ನೋಡಲು ಹೋದರು. ಫೋಟೋಗ್ರಾಫರ್ ಮೂರು ಕುರ್ಚಿ ಇಟ್ಟು, ನನ್ನನ್ನು ನೋಡಿ ನಡುವಿನ ಕುರ್ಚಿ ತೋರಿಸಿದರು. ನಾನು ದೊಡ್ಡ ಸ್ವರದಲ್ಲಿ ಅಳಲು ಶುರು ಮಾಡಿದೆ. ಅಕ್ಕ ವಿಷಯ ಹೇಳಿದಳು.

“ಇಷ್ಟೇ ಅಲ್ವಾ?” ಎಂದು ಅವರು ಒಂದು ಹೂದಾನಿ ತಂದಿಟ್ಟರು. “ಈಗ ನಾಲ್ಕಾಯ್ತು.”

“ಅದಕ್ಕೆ ಜೀವ ಉಂಟಾ?” ಎಂದೆ ನಾನು ಬಿಕ್ಕುತ್ತಾ.

“ಹಿಂದೆ ಪರದೆಯಲ್ಲಿ ನವಿಲು ಉಂಟಲ್ಲ ಮಾರಾಯ್ತಿ.”

“ಅದಕ್ಕೆ ಜೀವ ಉಂಟಾ?”

ಬೆಂಚಿನಲ್ಲಿ ಒಬ್ಬರು ಕ್ರಿಶ್ಚಿಯನ್ ಬಾಯಮ್ಮ ಟೊಪ್ಪಿ ಹಾಕಿದ ಗುಂಡು ಮಗುವನ್ನು ಎತ್ತಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಅವರಿಗೆ ಸಾಕಾಗಿ ಹೋಯಿತು. “ಇವನನ್ನು ತೆಗೆದುಕೊಳ್ಳಿ. ಇವನಿಗೆ ಬೇಕಾದಷ್ಟು ಜೀವ ಉಂಟು,” ಎಂದು ಮಗುವನ್ನು ನಮ್ಮ ಕಡೆ ಚಾಚಿದರು.

ತಂಗಿಯ ತೊಡೆಯಲ್ಲಿ ಮಗು ಚೀರಿತು. ನನ್ನ ತೊಡೆಯಲ್ಲಿ ಕೂತು ನನ್ನ ಜಡೆಯನ್ನು ಬಾಯಿಗೆ ಹಾಕಿಕೊಂಡಿತು. ಅಕ್ಕ ಅದನ್ನು ಎತ್ತಿಕೊಂಡು, ನನ್ನನ್ನು ಬದಿಗೆ ಸರಿಸಿ, ನಡುವಿನ ಕುರ್ಚಿಯಲ್ಲಿ ತಾನೇ ಕೂತುಬಿಟ್ಟಳು. ಕಪ್ಪು ಬಟ್ಟೆಯೊಳಗಿನಿಂದ ಸ್ವರ ಬಂತು, “ಅಲುಗಾಡಬೇಡಿ.” ಪಟ ಆಯಿತು.

ಮನೆಗೆ ಮುಟ್ಟುವಷ್ಟರಲ್ಲಿ ನನ್ನ ಭಯ ಇಳಿದು ಸಿಟ್ಟು ಏರಿತ್ತು. ನಾಲ್ವರಾದ ಮೇಲೆ ಅಪಾಯವೇ ಇರಲಿಲ್ಲವಲ್ಲ! ಹುಟ್ಟಿದಾಗಿನಿಂದ ನಾನು ಅನುಭವಿಸಿದ ನಡು, ಅದು ಒಂದು ಸಲ ಎದ್ದು ಕಾಣುವ ಜಾಗವಾದಾಗ ಅಕ್ಕ ಕಿತ್ತುಕೊಂಡಳು. ಅವಳು ಚಂದ ಕಾಣಬೇಕಲ್ಲ, ಶಿವಮೊಗ್ಗದವರಿಗೆ! ಈ ಮಾತನ್ನು ನಾನು ವಾರವಿಡೀ ಮನೆಯವರಿಗೆ, ನೆರೆಮನೆಯವರಿಗೆ, ಮೀನಿನ ಹೆಂಗಸಿಗೆ ಹೇಳಿಕೊಂಡು ತಿರುಗಿದೆ.

ಪಟ ಬಂತು. ಅಪ್ಪ ಮೆಚ್ಚಿದರು, ಲಕೋಟೆಗೆ ಹಾಕಿ ಕಾರ್ಕಳದ ಬಸ್ಸಿನ ಡ್ರೈವರನ ಕೈಯಲ್ಲಿ ಕೊಟ್ಟರು. ಮಗು ಯಾರದೆಂದು ನಮಗೆಲ್ಲ ಗೊತ್ತಿತ್ತಲ್ಲ, ಹಾಗಾಗಿ ಕಾರ್ಕಳದವರಿಗೂ ಗೊತ್ತಿರುತ್ತದೆ ಎಂದುಕೊಂಡೆವೋ ಏನೋ. ಮದುವೆಗೆ ನೋಡುವ ಹುಡುಗಿಯ ತೊಡೆಯ ಮೇಲೆ ಒಂದು ಮಗು ಕೂತಿದೆ ಎಂಬುದು ಅಷ್ಟು ಜನರಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ.

ಮೂರನೆಯ ದಿನ ಹುಡುಗನ ತಾಯಿಯೇ ಬಸ್ಸಿಳಿದು ಬಂದರು. ನಡುಮನೆಯಲ್ಲಿ ಕೂತು, ಬೆಲ್ಲ ನೀರು ಮುಟ್ಟದೆ, ಪಟವನ್ನು ಚಾಪೆಯ ಮೇಲಿಟ್ಟು ಮಗುವಿನ ಮೇಲೆ ಬೆರಳಿಟ್ಟರು. “ಇದು ಎಂತ?”

ಅಪ್ಪ ಆ ಪಟವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಬಾಗಿಲ ಹಿಂದೆ ಅಕ್ಕ ಕಂಬದ ಹಾಗೆ ನಿಂತಿದ್ದಳು. ತಂಗಿ ಸಹಾಯಕ್ಕೆ ಧಾವಿಸಿದಳು, “ಅದು ಬಾಯಮ್ಮನ ಮಗು! ಅಕ್ಕನದ್ದಲ್ಲ!” ಆ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಅಪ್ಪ ಬಸ್ಸಿನಿಂದ ಶುರು ಮಾಡಿದರು, ಅಮ್ಮ ನವಿಲಿನಿಂದ, ಅಜ್ಜಿ ತಮ್ಮ ನಡುನೋವಿನಿಂದ.

“ಒಬ್ಬೊಬ್ಬರೇ ಹೇಳಿ ಮಾರಾಯ್ರೆ,” ಎಂದು ಆ ತಾಯಿ ಅಕ್ಕನನ್ನೇ ಹೊರಗೆ ಕರೆದರು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಪಟವನ್ನು ಕಣ್ಣಿನ ಹತ್ತಿರ ಹಿಡಿದರು.

“ಮಗುವಿಗೆ ಹಲ್ಲು ಬಂದಿತ್ತಾ?”

“ಇಲ್ಲ.”

“ಹಲ್ಲು ಬಾರದ ಮಗು ಲೆಕ್ಕಕ್ಕೆ ಬರುವುದಿಲ್ಲ. ಪಟದಲ್ಲಿ ನೀವು ಮೂವರೇ.”

“ಅಯ್ಯೋ, ಹೌದು!” ಎಂದು ಅಜ್ಜಿ ಒಳಗಿನಿಂದ ಕೂಗಿದರು. “ನನಗೆ ಮರೆತೇ ಹೋಗಿತ್ತು!”

“ನಿನಗೆ ಗೊತ್ತಿತ್ತಾ ಮಗಾ?” ಎಂದು ಆ ತಾಯಿ ಅಕ್ಕನನ್ನು ಕೇಳಿದರು.

“ಗೊತ್ತಿತ್ತು. ಅಜ್ಜಿ ಒಮ್ಮೆ ಹೇಳಿದ್ದರು.”

“ಮತ್ತೆ ನೀನು ಯಾಕೆ ನಡುವೆ ಕೂತೆ?”

“ಯಾರಾದರೂ ಕೂರಬೇಕಲ್ಲ. ಇವಳು ಅಳ್ತಾ ಇದ್ದಳು.”

“ಹೆದರಿಕೆ ಆಗ್ಲಿಲ್ವಾ?”

“ಆಯ್ತು. ಅದಕ್ಕೇ ಮಗುವನ್ನು ಅಷ್ಟು ಗಟ್ಟಿ ಹಿಡಿದದ್ದು.”

ಎಲ್ಲರೂ ಪಟದ ಮೇಲೆ ಬಗ್ಗಿದೆವು. ನಿಜ, ಮಗುವಿನ ಕಣ್ಣುಗಳು ಹೊರಗೆ ಬರುವಂತಿದ್ದವು. ಆ ತಾಯಿ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಅಪ್ಪ ನಕ್ಕರು, ಅಜ್ಜಿ ನೋವಿನ ನಡುವೆಯೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮೀನಿನ ಹೆಂಗಸಿಗೂ ದೂರು ಹೇಳಿದ್ದೆನಲ್ಲ ಎಂದು ನೆನೆದು ನಾಚಿಕೆಯಿಂದ ಸತ್ತುಹೋಗುವಂತಾಯಿತು. ಅಕ್ಕನ ಮೇಲೆ ಅಷ್ಟು ಪ್ರೀತಿ ನನಗೆ ಅದಕ್ಕೆ ಮೊದಲು ಬಂದದ್ದಿಲ್ಲ.

ಆ ತಾಯಿ ಕಣ್ಣೊರೆಸಿಕೊಂಡು ಬೆಲ್ಲ ನೀರು ಕುಡಿದರು. “ಈ ಪಟ ಮನೆಯಲ್ಲಿ ಇಡುವುದು ಬೇಡ. ಹೊರಡಿ ಉಡುಪಿಗೆ, ಇನ್ನೊಂದು ತೆಗೆಸುವ. ನಾಲ್ಕನೆಯವಳು ನಾನು. ಹಲ್ಲು ಕಡಿಮೆ ಉಂಟು, ಆದರೂ ಲೆಕ್ಕಕ್ಕೆ ಸಾಕು. ಅತ್ತೆ ಪಕ್ಕದಲ್ಲೇ ಕೂತಿದ್ದಾಳೆ ಅಂತ ಮಗನಿಗೂ ಗೊತ್ತಾಗ್ಲಿ.”

ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಕ್ಕ ತಲೆ ತಗ್ಗಿಸಿದಳು.

ಸ್ಟುಡಿಯೋದಲ್ಲಿ ಈ ಸಲ ನಾಲ್ಕು ಕುರ್ಚಿಗಳು. ಒಂದು ತುದಿಗೆ ತಂಗಿ, ಇನ್ನೊಂದು ತುದಿಗೆ ಅಕ್ಕನ ಅತ್ತೆ. ಫೋಟೋಗ್ರಾಫರ್ ಬೆರಳು ತೋರಿಸುವ ಮೊದಲೇ ನಾನು ಅಕ್ಕನ ಕೈ ಹಿಡಿದುಕೊಂಡು ಹೋಗಿ ಕೂತೆ. ನಾಲ್ವರಿದ್ದರೆ ನಡುವಿನಲ್ಲಿ ಇಬ್ಬರಿಗೆ ಜಾಗ ಉಂಟು.