“ನಂದು” ಎಂದು ಕೂಗಲು ಕಲಿಸಿದವರು

ಹರಿಹರ, ದಾವಣಗೆರೆಗಳ ಬಾಲ್ ಬ್ಯಾಡ್ಮಿಂಟನ್ ಅಂಕಣಗಳಲ್ಲಿ ಪದಕ ಗೆಲ್ಲಿಸಿಕೊಟ್ಟ ಗುರುಗಳಿಗೇನೂ ಬರವಿಲ್ಲ. ಆದರೆ ಎಳೆಯರು ಬ್ಯಾಟು ಹಿಡಿಯುವುದಾದರೂ ಯಾಕೆ ಎಂಬುದನ್ನು ಆ ಎಳೆಯರಿಂದಲೇ ಕಲಿತವರು ಬೆರಳೆಣಿಕೆಯಷ್ಟು, ಅವರಲ್ಲಿ ಮೊದಲು ನೆನೆಯಬೇಕಾದ ಹೆಸರು ದೈಹಿಕ ಶಿಕ್ಷಕಿ ಶ್ರೀಮತಿ ಸುಂಕಲಮ್ಮನವರದು.

ಕುಕ್ಕುವಾಡದಿಂದ ಬಂದು ಹರಿಹರದ ಪ್ರೌಢಶಾಲೆಯೊಂದಕ್ಕೆ ಸೇರಿದ ಹೊಸದರಲ್ಲಿ ಅವರೂ ಎಲ್ಲರಂತೆ ಪ್ರಮಾಣಪತ್ರ, ಪದಕ, ನೌಕರಿ ಎಂದೇ ಆಸೆ ಹಚ್ಚಿದರು. ಮಕ್ಕಳು ಬಂದರು, ಒಂದು ಪಂದ್ಯ ಸೋತು ಮನೆ ಸೇರಿದರು. ಉಳಿದ ಹುಡುಗಿಯರದು ಬೇರೆಯೇ ಪೇಚು. ತಂಡಕ್ಕೆ ಐವರಿರುವ ಆಟವಿದು. ಉಣ್ಣೆಯ ಚೆಂಡು ಇಬ್ಬರ ನಡುವೆ ಬಂದರೆ ನೀನು ಹೊಡಿ ಎಂದು ಇಬ್ಬರೂ ಹಿಂದೆ ಸರಿಯುವರು, ಚೆಂಡು ನೆಲಕ್ಕೆ ಬೀಳುವುದು. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ಮಕ್ಕಳಿಗೆ ಮುಂದೆ ನುಗ್ಗೆಂದು ಹೇಳಿಕೊಟ್ಟವರಾದರೂ ಯಾರು? ಸುಂಕಲಮ್ಮನವರಿಗೆ ಸಿಟ್ಟು ಬಂದದ್ದು ಮಕ್ಕಳ ಮೇಲಲ್ಲ, ಆ ಹಾಳು ಮರ್ಯಾದೆಯ ಮೇಲೆ. ಅಂದಿನಿಂದ ಚೆಂಡು ಬಂದರೆ “ನಂದು” ಎಂದು ಗಂಟಲು ಬಿಚ್ಚಿ ಕೂಗಲೇಬೇಕು. ಕೂಗದವಳು ಅಂಕಣದ ಸುತ್ತ ಎರಡು ಸುತ್ತು ಓಡಬೇಕು.

ಕೂಗು ಬೀದಿಗೂ ಕೇಳಿತು. ಹೆಣ್ಣುಮಕ್ಕಳ ಬಾಯಿ ಜೋರಾಯಿತೆಂದು ದೂರು ಬಂತು. ಶಾಲಾ ಸಮಿತಿಯ ಅಧ್ಯಕ್ಷರಾದ ವ್ಯಾಪಾರಿ ಬಕ್ಕೇಶಪ್ಪನವರು ಸಭೆ ಕರೆದು, ಐದು ವರ್ಷದಲ್ಲಿ ಒಂದು ಪದಕವಿಲ್ಲ, ಗದ್ದಲಕ್ಕೆ ಮಾತ್ರ ಕಡಿಮೆಯಿಲ್ಲ, ಅಂಕಣ ಮುಚ್ಚಿ ವಾಹನ ನಿಲ್ಲಿಸೋಣ ಎಂದರು, ಸದಸ್ಯರೂ ದನಿಗೂಡಿಸಿದರು. ಸುಂಕಲಮ್ಮನವರು ಕಡರನಾಯಕನಹಳ್ಳಿಯ ಸಹನಾಳನ್ನು ಕರೆಸಿದರು. ಒಂಬತ್ತನೆಯ ತರಗತಿಯ ಈ ಹುಡುಗಿ ಆಡಿದ ಪಂದ್ಯಗಳನ್ನೆಲ್ಲ ಸೋತವಳು. ಸೋಲುವುದಕ್ಕೇ ದಿನಾ ಬರುತ್ತೀಯೇನು ಎಂದು ಅಧ್ಯಕ್ಷರು ಕೇಳಿದರು.

“ನಂದು ಅನ್ನಾಕ ನಂಗೆ ಬ್ಯಾರೆ ಜಾಗ ಇಲ್ರಿ,” ಎಂದಳು ಸಹನಾ. “ಇದೊಂದೇ ಐತೆ.”

ಅಧ್ಯಕ್ಷರು ಜಗ್ಗಲಿಲ್ಲ. ಆಗ ಸುಂಕಲಮ್ಮನವರು ಒಂದು ಬಿಳಿ ಹಾಳೆಯನ್ನು ಮೇಜಿನ ಮೇಲಿಟ್ಟರು.

“ಮುಚ್ರಿ. ಆದ್ರೆ ಹುಡುಗೇರು ಕೂಗಿದ್ದಕ್ಕೆ ಮುಚ್ಚೀವಿ ಅಂತ ಬರ್ದು ಎಲ್ಲಾರೂ ಸಹಿ ಹಾಕ್ರಿ. ಗೇಟಿಗೆ ನಾನೇ ಅಂಟಿಸ್ತೀನಿ.”

ಅಷ್ಟು ಹೊತ್ತು ಗುಡುಗಿದ ಸದಸ್ಯರೆಲ್ಲ ಜೇಬು ತಡಕಾಡಿದರು. ಅಬ್ಬಾ, ಒಬ್ಬರ ಬಳಿಯೂ ಪೆನ್ನಿರಲಿಲ್ಲ. ಅಂಕಣ ಉಳಿಯಿತು. ಆ ವರ್ಷವೂ ತಂಡ ಸೋತಿತು, ಒಬ್ಬಳೂ ಆಟ ಬಿಡಲಿಲ್ಲ.

ಈ ತಿಂಗಳು ಸುಂಕಲಮ್ಮನವರು ನಿವೃತ್ತರಾಗುತ್ತಿದ್ದಾರೆ, ಅಂಕಣ ಮುಚ್ಚುವ ಮಾತು ಮತ್ತೆ ಎದ್ದಿದೆ. ಸೇವಾ ನಿಯಮವು ಅವರ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಬಹುದು, ಅವರನ್ನು ಅಂಕಣದಿಂದ ಎಬ್ಬಿಸಲಾರದು. ನಿವೃತ್ತಿಯ ಮರುದಿನವೂ ಬೆಳಿಗ್ಗೆ ಆರಕ್ಕೆ ಬರುವುದಾಗಿ ಅವರು ಆಗಲೇ ಸಾರಿದ್ದಾರೆ. ದಾವಣಗೆರೆಯಲ್ಲಿ ದೈಹಿಕ ಶಿಕ್ಷಕಿಯಾಗಿರುವ ಸಹನಾ ತನ್ನ ಶಿಷ್ಯೆಯರ ದಂಡನ್ನೇ ಕರೆತರುತ್ತಾಳಂತೆ. ನಮ್ಮ ಪ್ರೀತಿಯ ಸುಂಕಲಮ್ಮನವರಿಗೆ ನೂರು ವರ್ಷದ ಆಯುಸ್ಸಿರಲಿ, ಮೊಣಕಾಲು ಗಟ್ಟಿಯಿರಲಿ. ವಿಶ್ರಾಂತಿಯೊಂದನ್ನು ಮಾತ್ರ ಹಾರೈಸಲಾರೆವು. ಅವರು ಒಂದು ದಿನ ತಡವಾಗಿ ಎದ್ದರೂ ಸಾಕು, ಅಲ್ಲಿ ಕಾರು ನಿಂತಿರುತ್ತದೆ.