ಅಮ್ಮನ ಸಂಜೆಗೊಂದು ಪೊಲೀಸ್ ದಾಖಲೆ

ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಅಪ್ಪ ಮನೆಗೆ ಎರಡು ಸಾಮಾನು ತರುತ್ತಿದ್ದರು: ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಒಂದಿಷ್ಟು ಭಯ. ಸೊಪ್ಪು ಆವತ್ತಿನ ಸಾರಿಗೇ ಮುಗಿಯುತ್ತಿತ್ತು. ಭಯವನ್ನು ಅವರು ರಾತ್ರಿಯ ಊಟದವರೆಗೂ ಬಡಿಸುತ್ತಿದ್ದರು.

ಜೀವನ್ ಬಿಮಾ ನಗರದ ನಮ್ಮ ಪಾರ್ಕಿನಲ್ಲಿ ಅವರದೊಂದು ನಿವೃತ್ತರ ಗುಂಪಿತ್ತು. ಒಂದು ಸುತ್ತು ನಡೆದರೆ ಮೂರು ಸುತ್ತಿಗಾಗುವಷ್ಟು ಮಾತಾಡುವ ಜನ. ಮಾಹಿತಿ ಹಕ್ಕಿನ ಕಾನೂನು ಬಂದು ಒಂದೆರಡು ವರ್ಷವಾಗಿದ್ದ ಕಾಲವದು. ಆ ವರ್ಷ ಪಾರ್ಕಿನ ಮಾತೆಲ್ಲ ಸರಗಳ್ಳರದೇ. ಬೈಕಿನಲ್ಲಿ ಇಬ್ಬರು ಬರುತ್ತಾರಂತೆ, ಅಡ್ರೆಸ್ ಕೇಳುತ್ತಾರಂತೆ, ಹಿಂದೆ ಕೂತವನು ಕುತ್ತಿಗೆಗೆ ಕೈ ಹಾಕುತ್ತಾನಂತೆ. ಈ ಅಂತೆಗಳನ್ನೆಲ್ಲ ಜೋಪಾನವಾಗಿ ಮನೆಗೆ ತಂದು ಅಮ್ಮನ ಮುಂದೆ ಸುರಿದು, ಕೊನೆಗೊಂದು ದಿನ ಅಪ್ಪ ತೀರ್ಪು ಕೊಟ್ಟೇಬಿಟ್ಟರು.

"ನಾಳೆಯಿಂದ ಸಂಜೆ ಹೊತ್ತು ಆಚೆ ಹೋಗ್ಬೇಡ ಕಣೇ. ಕಾಲ ಸರಿಯಿಲ್ಲ."

ಅಮ್ಮನಿಗೆ ಸಂಜೆ ಎಂದರೆ ಇಸ್ಪೀಟು. ನಮ್ಮ ಮನೆಯಿಂದ ಮೂರು ರಸ್ತೆ ಆಚೆ, ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ಗೆಳತಿಯೊಬ್ಬರ ಮನೆಯಲ್ಲಿ ನಾಲ್ಕು ಜನ ಹೆಂಗಸರು ಸೇರಿ ಇಪ್ಪತ್ತೆಂಟು ಆಡುತ್ತಿದ್ದರು. ದುಡ್ಡು ಕಟ್ಟುತ್ತಿರಲಿಲ್ಲ, ಜಗಳ ಮಾತ್ರ ದುಡ್ಡು ಕಟ್ಟಿದವರಂತೆಯೇ ಆಡುತ್ತಿದ್ದರು. ಅಮ್ಮನ ಜೋಡಿ ಪುಲಿಕೇಶಿನಗರದಿಂದ ಬಸ್ಸು ಹತ್ತಿ ಬರುತ್ತಿದ್ದ ನಿವೃತ್ತ ಟೀಚರ್ ಒಬ್ಬರು. ಮನೆಮಾತು ತಮಿಳು, ಬೈಗುಳ ಕನ್ನಡದಲ್ಲಿ. ಆ ಆಟದ ಎಲ್ಲಕ್ಕಿಂತ ದೊಡ್ಡ ಎಲೆಯಾದ ಗುಲಾಮನನ್ನು ಕೈಯಲ್ಲಿಟ್ಟುಕೊಂಡೂ ಮುಖದಲ್ಲಿ ಏನೂ ತೋರಿಸದ ನನ್ನ ಅಮ್ಮನನ್ನು ಅಲ್ಲಿ ನೋಡಿದವರು, ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಸಾಲದೆಂದರೆ ಕಣ್ಣು ತುಂಬಿಕೊಳ್ಳುವ ಹೆಂಗಸು ಇವರೇ ಎಂದರೆ ನಂಬುತ್ತಿರಲಿಲ್ಲ. ಆ ಆಟಕ್ಕೆ ನಾಲ್ವರು ಬೇಕೇ ಬೇಕು. ಅಮ್ಮ ಹೋಗದಿದ್ದರೆ ಉಳಿದ ಮೂವರು ಚಕ್ಕುಲಿ ತಿಂದು ಏಳಬೇಕು.

ರಾಜಿಯ ಪ್ರಯತ್ನಗಳು ನಡೆಯದೇ ಇರಲಿಲ್ಲ. ಸರ ಮನೆಯಲ್ಲೇ ಬಿಚ್ಚಿಟ್ಟು ಹೋಗುತ್ತೇನೆಂದು ಅಮ್ಮ ಹೇಳಿದರೆ, "ನಾನಿನ್ನೂ ಬದುಕಿದೀನಿ" ಎಂದರು ಅಪ್ಪ. ತಾನೇ ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತೇನೆಂದು ಅಪ್ಪ ಹೇಳಿದರೆ, "ನಾನೇನು ಎಲ್‌ಕೆಜಿ ಮಗೂನಾ?" ಎಂದರು ಅಮ್ಮ. ಒಂದು ದಿನ ಮಂಡಿನೋವಿನ ಗೆಳತಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದು ನಮ್ಮ ಮನೆಯಲ್ಲೇ ಆಡಿದ್ದೂ ಆಯಿತು. ಅಪ್ಪ ಎಲ್ಲರ ಬೆನ್ನ ಹಿಂದೆಯೂ ಸುತ್ತು ಹಾಕಿ, "ಅಯ್ಯೋ, ಇಂಥ ಎಲೆ ಇಟ್ಕೊಂಡು ಯಾಕ್ರೀ ಸುಮ್ನಿದೀರ?" ಎಂದು ಸಹಾಯ ಮಾಡಿದರು. ಮಾರನೆಯ ದಿನದಿಂದ ಯಾರೂ ಬರಲಿಲ್ಲ.

ಅಪ್ಪ ಕೆಟ್ಟವರಲ್ಲ. ಕೆಲಸ ಅವರನ್ನು ಹಾಗೆ ಮಾಡಿತ್ತು. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಜಗತ್ತಿನಲ್ಲಿ ಆಗಬಹುದಾದ ಅನಾಹುತಗಳೆಲ್ಲ ಅವರ ಮೇಜಿನ ಮೇಲೆ ಹಾದುಹೋಗಿದ್ದವು. ಆದರೆ ಕಚೇರಿಯಲ್ಲಿ ಅವರು ಬಾಯಿಮಾತು ನಂಬಿದವರೇ ಅಲ್ಲ. ಅಪಘಾತವೆಂದು ಯಾರು ಎಷ್ಟೇ ಅತ್ತು ಹೇಳಿದರೂ ಎಫ್‌ಐಆರ್ ಪ್ರತಿ ಇಲ್ಲದೆ ಕಡತ ಮುಟ್ಟುತ್ತಿರಲಿಲ್ಲ. ಪೊಲೀಸ್ ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಎನ್ನುವುದು ಅವರ ಸಿದ್ಧಾಂತ. ಊಟಕ್ಕೆ ಕೂತಾಗಲೆಲ್ಲ ಇದನ್ನು ಕೇಳಿಸಿಕೊಂಡಿದ್ದ ಅಮ್ಮ, ಒಂದು ರಾತ್ರಿ ಮಜ್ಜಿಗೆ ಹಾಕುತ್ತಾ ಮೆಲ್ಲಗೆ ಎಲೆ ಇಳಿಸಿದರು.

"ರೀ, ನಮ್ಮ ಏರಿಯಾದಲ್ಲಿ ಸಂಜೆ ಹೊತ್ತು ಸರ ಕಿತ್ಕೊಂಡಿಲ್ಲ ಅಂತ ಪೊಲೀಸ್ ರೆಕಾರ್ಡೇ ತೋರಿಸಿದ್ರೆ ನಂಬ್ತೀರಾ?"

ಅಪ್ಪ ಇಲ್ಲವೆನ್ನುವ ಹಾಗಿರಲಿಲ್ಲ. ಇಲ್ಲವೆಂದರೆ ಅವರ ಸರ್ವಿಸ್ಸೆಲ್ಲ ಸುಳ್ಳಾಗುತ್ತಿತ್ತು. "ತೋರ್ಸು ನೋಡೋಣ" ಎಂದರು. ಅವರಿಗೆ ಗ್ಯಾರಂಟಿ, ಮೆಂತ್ಯದ ಡಬ್ಬಿಯನ್ನೇ ಹುಡುಕಲಾಗದ ಅಮ್ಮ ಪೊಲೀಸ್ ದಾಖಲೆ ಎಲ್ಲಿಂದ ತರುತ್ತಾಳೆ ಎಂದು.

ನಾನು ಆಗ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ರಜೆಯ ದಿನ ಅಮ್ಮ ನನ್ನನ್ನು ಎಬ್ಬಿಸಿ, ಹಸಿರು ರೇಷ್ಮೆ ಸೀರೆಯುಟ್ಟು, ಸ್ಕೂಟರಿನ ಹಿಂದೆ ಕೂತರು. ಪೊಲೀಸ್ ಠಾಣೆಗೆ ರೇಷ್ಮೆ ಯಾಕೆ ಎಂದರೆ, "ಕಾಟನ್ ಉಟ್ಕೊಂಡು ಹೋದ್ರೆ ಏನೋ ಕಳ್ಕೊಂಡೋರು ಅನ್ಕೋತಾರೆ" ಎಂದರು.

ರೇಷ್ಮೆಯಿಂದ ಪ್ರಯೋಜನವಾಗಲಿಲ್ಲ. ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ರೈಟರ್ ನಮ್ಮನ್ನು ಕಂಡ ಕೂಡಲೇ ಬಿಳಿ ಹಾಳೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದರು. ದಪ್ಪ ಮೀಸೆ, ಮೆತ್ತಗಿನ ದನಿ.

"ಏನಮ್ಮಾ, ಸರ ಹೋಯ್ತಾ?"

"ಇಲ್ಲ ಸಾರ್. ಇದೆ."

"ಮತ್ತೆ ಏನ್ ಹೋಯ್ತು?"

"ಏನೂ ಹೋಗಿಲ್ಲ. ಬೇರೆಯವರದ್ದು ಏನೇನು ಹೋಗಿದೆ ಅಂತ ಗೊತ್ತಾಗ್ಬೇಕಿತ್ತು."

ರೈಟರ್ ಪೆನ್ನಿನ ಮುಚ್ಚಳ ಹಾಕಿದರು. ಅವರ ಕಷ್ಟ ನನಗೆ ಅರ್ಥವಾಯಿತು. ದಿನವೂ ಕಳೆದುಕೊಂಡವರನ್ನು ನೋಡುವ ಮನುಷ್ಯ. ಕಳೆದುಕೊಳ್ಳದವರೊಬ್ಬರು ಸೀರೆಯುಟ್ಟು ಬಂದು, ಕಳೆದುಕೊಂಡಿಲ್ಲ ಎನ್ನುವುದಕ್ಕೆ ಪುರಾವೆ ಕೇಳಿದರೆ ಯಾವ ಕಪಾಟು ತೆಗೆಯಬೇಕು? ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡುತ್ತೇವೆ, ಬೇರೆಯವರ ದೂರನ್ನು ಹೀಗೆ ಕೈಗೆ ಕೊಡುವಂತಿಲ್ಲ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಆಮೇಲೆ ಮನೆ ಎಲ್ಲಿ ಎಂದು ಕೇಳಿದರು. ಅಮ್ಮ ಹೇಳಿದರು. ಗೆಳತಿಯ ಮನೆಯ ರಸ್ತೆಯನ್ನೂ ಹೇಳಿದರು.

"ಆ ದೊಡ್ಡ ರಸ್ತೆ ಈ ಕಡೆ ನಮ್ದು. ಆ ಕಡೆ ಫುಟ್‌ಪಾತಿಂದ ಬೇರೆ ಸ್ಟೇಷನ್."

"ನಾನು ಹೋಗೋವಾಗ ಈ ಕಡೆ ಹೋಗ್ತೀನಿ, ಬರೋವಾಗ ಆ ಕಡೆ ಬರ್ತೀನಿ ಸಾರ್. ಅಲ್ಲಿ ಬೀದಿದೀಪ ಇದೆ."

"ಹಂಗಾದ್ರೆ ಹೋಗೋವಾಗ ನಮ್ಮ ಜವಾಬ್ದಾರಿ, ಬರೋವಾಗ ಅವರ್ದು" ಎಂದರು ರೈಟರ್, ಒಂಚೂರೂ ನಗದೆ.

ನನಗೆ ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಬೇಕಾದ್ದು ಒಂದು ಸಣ್ಣ ಉತ್ತರ, ಅದಕ್ಕೆ ರಸ್ತೆಯನ್ನೇ ಸೀಳುತ್ತಿದ್ದಾರಲ್ಲ ಎಂದು. ಅಮ್ಮ ಮಾತ್ರ ಆರಾಮವಾಗಿ ಬೆಂಚಿನ ಮೇಲೆ ಕೂತು, ಇಪ್ಪತ್ತೆಂಟಿನ ಕಥೆಯಿಂದ ಹಿಡಿದು ಅಪ್ಪನ ಪಾರ್ಕಿನವರೆಗೆ ಎಲ್ಲವನ್ನೂ ಹೇಳಿದರು. ಅರ್ಧ ಕೇಳುವಷ್ಟರಲ್ಲಿ ರೈಟರ್ ಮೆತ್ತಗಾದರು. ಅವರ ಮನೆಯಲ್ಲೂ ಇಂಥದ್ದೇನೋ ನಡೆದಿರಬೇಕು. "ಒಂದ್ ಕೆಲ್ಸ ಮಾಡಿ ಅಮ್ಮಾ. ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕ್ಬಿಡಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಡಿ. ಮೇಲಿನ ಆಫೀಸಿಗೆ ಹಾಕಿದ್ರೆ ರಸ್ತೆ ಎರಡೂ ಕಡೆದು ಬರತ್ತೆ" ಎಂದು ವಿಳಾಸ ಬರೆದುಕೊಟ್ಟರು.

ಅಮ್ಮ ಮನೆಗೆ ಬಂದು ಬರೆದ ಅರ್ಜಿ ನಾಲ್ಕು ಪುಟವಾಯಿತು. ಅದರಲ್ಲಿ ಮದುವೆಯಾದ ವರ್ಷ, ಅಪ್ಪನ ರಕ್ತದೊತ್ತಡ, ಪಾರ್ಕಿನ ಗೆಳೆಯರ ಗುಣಸ್ವಭಾವ ಎಲ್ಲ ಇತ್ತು. ಪ್ರಶ್ನೆ ಮಾತ್ರ ಇರಲಿಲ್ಲ. ಅದು ಊಟದ ಮೇಜಿನ ಮೇಲೆ ಬಿದ್ದಿದ್ದನ್ನು ಅಪ್ಪ ನೋಡಿದರು. ವಿರೋಧಿಯ ಅರ್ಜಿಯಾದರೂ ಇಷ್ಟು ಕೆಟ್ಟದಾಗಿ ಬರೆದದ್ದನ್ನು ಅವರಿಂದ ಸಹಿಸಲಾಗಲಿಲ್ಲ. ಕನ್ನಡಕ ಹಾಕಿಕೊಂಡು ಕೆಂಪು ಪೆನ್ನು ಹಿಡಿದರು. ತಮ್ಮ ರಕ್ತದೊತ್ತಡ ಹೊಡೆದುಹಾಕಿದರು, ಗೆಳೆಯರನ್ನು ಹೊಡೆದುಹಾಕಿದರು. ಕಳೆದ ಎರಡು ವರ್ಷಗಳಲ್ಲಿ ಈ ಬಡಾವಣೆಯಲ್ಲಿ ದಾಖಲಾದ ಸರಗಳವು ಪ್ರಕರಣಗಳ ವಿವರ ಎಂದು ಬರೆದು, ಕೆಳಗೆ ಸ್ಥಳ, ದಿನಾಂಕ ಎಂದು ಸೇರಿಸಿದರು. ಒಂದು ಕ್ಷಣ ಯೋಚಿಸಿ, "ವೇಳೆ ಇಲ್ದೆ ಎಂಥ ಕ್ಲೇಮೇ?" ಎನ್ನುತ್ತಾ ಘಟನೆ ನಡೆದ ವೇಳೆ ಎಂದೂ ಸೇರಿಸಿದರು. ಅಮ್ಮ ಅದನ್ನು ನಕಲು ಮಾಡಿ ಸಹಿ ಹಾಕಿದರು.

ಉತ್ತರ ಬರಲು ಒಂದು ತಿಂಗಳ ಮೇಲಾಯಿತು. ಅಷ್ಟೂ ದಿನ ಅಮ್ಮ ಸಂಜೆಯಾದರೆ ಗೇಟಿನ ಹತ್ತಿರ ನಿಲ್ಲುತ್ತಿದ್ದರು, ಒಳಗೆ ಬರುತ್ತಿದ್ದರು, ಮತ್ತೆ ಹೋಗಿ ನಿಲ್ಲುತ್ತಿದ್ದರು. ಟೀವಿ ಹಾಕಿದರೂ ನೋಡುತ್ತಿರಲಿಲ್ಲ. ಪುಲಿಕೇಶಿನಗರದ ಟೀಚರ್ ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು. "ಎನ್ನಮ್ಮಾ, ಪೊಲೀಸ್ ಲೆಟರ್ ಬಂತಾ? ಇಲ್ಲಿ ಮೂರು ಜನ ಮುಖ ಮುಖ ನೋಡ್ಕೊಂಡು ಕೂತಿದೀವಿ." ಅಮ್ಮ ನಗುತ್ತಲೇ ಮಾತಾಡಿ ಫೋನಿಡುತ್ತಿದ್ದರು. ಇಟ್ಟ ಮೇಲೆ ಆ ನಗು ಉಳಿಯುತ್ತಿರಲಿಲ್ಲ. ಮಕ್ಕಳನ್ನು ಬೆಳೆಸಿ, ಮನೆಯಲ್ಲೇ ಇದ್ದ ಅತ್ತೆಯ ಔಷಧಿ ನೋಡಿಕೊಂಡು, ಐವತ್ತು ದಾಟಿದ ಮೇಲೆ ಕೈಗೆ ಸಿಕ್ಕಿದ್ದ ಸಂಜೆಯ ಎರಡು ಗಂಟೆ ಅದು.

ಲಕೋಟೆ ಬಂದ ದಿನ ಅಮ್ಮ ಅದನ್ನು ಒಡೆಯದೆ ಅಪ್ಪನ ಮುಂದಿಟ್ಟರು. ಗುಂಡು ಮೊಹರು, ಸಹಿ, ಕಡತ ಸಂಖ್ಯೆ ಎಲ್ಲ ಇದೆಯೆಂದು ಖಾತ್ರಿ ಮಾಡಿಕೊಂಡ ಅಪ್ಪ, ಹಳೆಯ ಕಚೇರಿಯ ದನಿಯಲ್ಲಿ ಓದಲು ಶುರುಮಾಡಿದರು. ನಮ್ಮ ರಸ್ತೆಯಲ್ಲಿ ಒಂದೂ ಇರಲಿಲ್ಲ. ಸುತ್ತಮುತ್ತಲಿನ ರಸ್ತೆಗಳವು ಬೆರಳಲ್ಲಿ ಎಣಿಸುವಷ್ಟಿದ್ದವು. ದೂರು ಕೊಟ್ಟವರ ಹೆಸರುಗಳನ್ನು ಮರೆಮಾಡಿದ್ದರು. ಸಂಜೆಯದು ಒಂದೇ ಒಂದು, ಅದೂ ದೂರದ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ. ಉಳಿದವನ್ನು ಓದುತ್ತಾ ಹೋದ ಹಾಗೆ ಅಪ್ಪನ ದನಿ ಇಳಿಯಿತು.

"ಬೆಳಿಗ್ಗೆ ಐದು ಐವತ್ತು, ಮನೆಯ ಮುಂಭಾಗ. ಬೆಳಿಗ್ಗೆ ಆರು, ಗೇಟಿನ ಬಳಿ ರಂಗೋಲಿ ಹಾಕುತ್ತಿದ್ದಾಗ. ಬೆಳಿಗ್ಗೆ ಐದು ಮುಕ್ಕಾಲು, ಬಾಗಿಲಿಗೆ ನೀರು ಹಾಕುತ್ತಿದ್ದಾಗ."

ಅಮ್ಮ ಗೆದ್ದವರಂತೆ ಮುಖ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಕಾಗದದ ಬೆಳಗಿನ ವೇಳೆಗಳ ಮೇಲೆ ಬೆರಳಿಟ್ಟರು.

"ಮದುವೆಯಾದಾಗಿಂದ ದಿನಾ ಕತ್ತಲೆಯಲ್ಲೇ ಎದ್ದು ಒಬ್ಬಳೇ ಬಾಗಿಲಿಗೆ ನೀರು ಹಾಕ್ತಿದೀನಿ" ಎಂದರು. "ಒಂದಿನನಾದ್ರೂ ಹುಷಾರು ಅಂದ್ರೇನ್ರೀ? ಇಸ್ಪೀಟಿಗೆ ಹೋಗೋವಾಗ ಮಾತ್ರ ಕಾಲ ಸರಿಯಿಲ್ಲ ಅಲ್ವಾ?"

ಅಪ್ಪ ಕಾಗದ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ತಾವೇ ಕೆಂಪು ಶಾಯಿಯಲ್ಲಿ ಕೇಳಿಸಿದ ವೇಳೆ ಅದು, ತಳ್ಳಿಹಾಕುವಂತಿರಲಿಲ್ಲ. ಕೊನೆಗೆ, "ಹಾಗಾದ್ರೆ ರಂಗೋಲಿ ನಿಲ್ಲಿಸ್ಬಿಡು" ಎಂದರು.

"ಬಾಗಿಲು ಬರಿದಾಗಿದ್ರೆ ನಿಮ್ಮಮ್ಮ ಸುಮ್ನಿರ್ತಾರಾ? ನಾಳೆಯಿಂದ ನೀವು ಹಾಕಿ. ನಿಮ್ಮ ಕತ್ತಲ್ಲಿ ಸರ ಇಲ್ವಲ್ಲ."

ಮಾರನೆಯ ಬೆಳಿಗ್ಗೆ ಬಕೆಟ್ಟಿನ ಸದ್ದಿಗೆ ಎಚ್ಚರವಾಗಿ ಕಿಟಕಿಯಿಂದ ನೋಡಿದೆ. ಕ್ಲೇಮು ವಿಭಾಗದ ನಿವೃತ್ತ ಅಧಿಕಾರಿ ಮಂಕಿ ಕ್ಯಾಪ್ ಹಾಕಿಕೊಂಡು, ಕುಕ್ಕರುಗಾಲಿನಲ್ಲಿ ಕೂತು ಚುಕ್ಕೆ ಇಡುತ್ತಿದ್ದರು. ಚುಕ್ಕೆಗಳು ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಪಾರ್ಕಿಗೆ ಹೊರಟಿದ್ದ ಗೆಳೆಯರಿಬ್ಬರು ಗೇಟಿನ ಹತ್ತಿರ ನಿಂತು ಏನ್ ಸಾರ್ ಇದು ಎಂದರೆ, ತಲೆಯೆತ್ತದೆಯೇ, "ಪೊಲೀಸ್ ರೆಕಾರ್ಡ್ ಪ್ರಕಾರ ಹೆಂಗಸ್ರು ಈ ಹೊತ್ತಲ್ಲಿ ಆಚೆ ಬರೋ ಹಾಗಿಲ್ಲ ಕಣ್ರೀ. ನಿಮ್ಮನೇಲಿ ಯಾರು ಹಾಕ್ತಿದಾರೆ?" ಎಂದರು. ಗೆಳೆಯರು ಬೇಗ ಬೇಗ ನಡೆದರು. ಅಮ್ಮ ಒಳಗೆ ಇನ್ನೂ ಹೊದ್ದು ಮಲಗಿದ್ದರು. ಅಷ್ಟು ಹೊತ್ತಿನವರೆಗೆ ಅವರು ಮಲಗಿದ್ದನ್ನು ನಾನು ಜ್ವರವಿಲ್ಲದ ದಿನ ಕಂಡಿರಲಿಲ್ಲ.

ಆ ಸಂಜೆ ಅಮ್ಮ ಸರವನ್ನು ಸೀರೆಯ ಮೇಲೇ ಬಿಟ್ಟುಕೊಂಡು ಚಪ್ಪಲಿ ಮೆಟ್ಟಿದರು. ಅಪ್ಪ ಪೇಪರಿನಿಂದ ತಲೆಯೆತ್ತಿದರು. ಏನೋ ಹೇಳಲು ಬಾಯಿ ತೆರೆದರು.

"ಬರೋವಾಗ ಒಂದು ಪಾಕೀಟು ರಂಗೋಲಿ ಪುಡಿ ತರ್ತೀಯಾ? ಬೆಳಿಗ್ಗೆ ಎಲ್ಲಾ ಖಾಲಿ ಮಾಡ್ಬಿಟ್ಟೆ."